ಟೆರೇಸಿನ ಕೆಂಪು ದೀಪ ಉರಿಯುತ್ತಾ ಉಂಟಾ?

ಮಂಗಳೂರಿನ ಎತ್ತರದ ಫ್ಲಾಟ್‌ಗಳ ತುದಿಯಲ್ಲಿ ರಾತ್ರಿ ಕೆಂಪು ದೀಪ ಉರಿಯುವುದನ್ನು ನಾವೆಲ್ಲ ನೋಡಿದ್ದೇವೆ. "ಅದೆಂತಕ್ಕೆ, ಚಂದಕ್ಕಾ?" ಎಂದು ಮಕ್ಕಳು ಕೇಳುವುದುಂಟು. ಚಂದಕ್ಕಲ್ಲ. ಇಲ್ಲಿ ಎತ್ತರದ ಕಟ್ಟಡ ಉಂಟು ಎಂದು ಪೈಲಟ್‌ಗೆ ತಿಳಿಸುವ ದೀಪ ಅದು.

ನಮ್ಮ ಎಷ್ಟೋ ಮನೆಗಳವರು ಗಲ್ಫ್‌ನಲ್ಲಿದ್ದಾರೆ. ಅವರು ಬಂದಿಳಿಯುವುದು ಗುಡ್ಡದ ಮೇಲಿರುವ ಬಜ್ಪೆ ನಿಲ್ದಾಣದಲ್ಲಿ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನದಲ್ಲಿ 158 ಜೀವಗಳನ್ನು ಕಳಕೊಂಡ ಊರು ನಮ್ಮದು. ಆ ದುರಂತಕ್ಕೂ ಕಟ್ಟಡದ ದೀಪಕ್ಕೂ ಸಂಬಂಧವಿಲ್ಲ. ಆದರೂ ವಿಮಾನ ಸುರಕ್ಷತೆ ಎಂದರೆ ನಮಗೆ ಬೇರೆ ಯಾರದೋ ವಿಷಯವಲ್ಲ.

ನಿಲ್ದಾಣದ ಸುತ್ತಮುತ್ತ ಎಷ್ಟು ಎತ್ತರ ಕಟ್ಟಬಹುದು ಎಂಬುದಕ್ಕೆ ಕೇಂದ್ರ ಸರಕಾರದ 2015ರ ನಿಯಮಗಳಿವೆ. ನಿಗದಿತ ಪ್ರದೇಶಗಳಲ್ಲಿ ಕಟ್ಟುವ ಮೊದಲೇ ವಿಮಾನ ನಿಲ್ದಾಣ ಪ್ರಾಧಿಕಾರದ ಎನ್‌ಒಸಿ ಬೇಕು. ಅದರಲ್ಲಿ ಎತ್ತರವನ್ನು ಲೆಕ್ಕ ಹಾಕುವುದು ಸಮುದ್ರ ಮಟ್ಟದಿಂದ. ಹಾಗಾಗಿ ಗುಡ್ಡದ ಮೇಲೆ ಕಟ್ಟುವವರಿಗೆ ಗುಡ್ಡದ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ನೀರಿನ ಟ್ಯಾಂಕ್, ಲಿಫ್ಟ್ ರೂಮ್, ಆಂಟೆನಾ ಕೂಡ ಅದರಲ್ಲಿ ಸೇರುತ್ತವೆ. ಪಳ್ಳಿಗೆ ಹೊಸ ಮಿನಾರ ಕಟ್ಟಿಸುವ ಜಮಾಅತ್‌ನವರು ಇದನ್ನು ಗಮನದಲ್ಲಿಡಬೇಕು.

ದೀಪಕ್ಕೂ ಕ್ರಮ ಉಂಟು. ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ, ಸುತ್ತಲಿನ ನೆಲದಿಂದ 45 ಮೀಟರ್‌ಗಿಂತ ಕಡಿಮೆ ಎತ್ತರದ ಸಣ್ಣ ಕಟ್ಟಡಗಳಿಗೆ ಮಂದ ಬೆಳಕಿನ, ಮಿನುಗದ ಕೆಂಪು ದೀಪ. ಅದಕ್ಕಿಂತ ಎತ್ತರವಾದರೆ ಮಧ್ಯಮ ಪ್ರಖರತೆಯ ದೀಪ ಬೇಕು. ಕೆಂಪು ದೀಪವಾದರೆ ತುದಿಯಲ್ಲಿ ಮಾತ್ರ ಸಾಲದು, ನಡುವಿನ ಹಂತಗಳಲ್ಲೂ ಇರಬೇಕು. 150 ಮೀಟರ್ ದಾಟಿದ ಕಟ್ಟಡಗಳಿಗೆ ಅಗತ್ಯ ಕಂಡುಬಂದರೆ ಇನ್ನೂ ಪ್ರಖರವಾದ, ಮಿಂಚುವ ಬಿಳಿ ದೀಪ. ರಮಳಾನ್‌ಗೆ ಮಿನಾರಕ್ಕೆ ಹಾಕುವ ಹಸಿರು ಸೀರಿಯಲ್ ಲೈಟ್ ಎಷ್ಟೇ ಜಗಮಗಿಸಿದರೂ ಇವಕ್ಕೆ ಬದಲಿಯಲ್ಲ.

ಬಿಲ್ಡರ್ ದೀಪ ಹಾಕಿಕೊಟ್ಟು ಹೋಗುತ್ತಾನೆ. ಆಮೇಲೆ ಅದನ್ನು ನೋಡಿಕೊಳ್ಳುವವರು ಯಾರು? ತೊಂದರೆ ಇರುವುದೇ ಇಲ್ಲಿ. ಲಿಫ್ಟ್ ನಿಂತರೆ ಹತ್ತು ನಿಮಿಷದಲ್ಲಿ ಹತ್ತು ಫೋನ್ ಬರುತ್ತದೆ. ಟೆರೇಸಿನ ದೀಪ ಹೋದರೆ ತಿಂಗಳಾದರೂ ಯಾರಿಗೂ ಗೊತ್ತಾಗುವುದಿಲ್ಲ. ಯಾಕೆಂದರೆ ಅದರ ಬೆಳಕು ಬೇಕಾದದ್ದು ಮೇಲೆ ಹಾರುವವರಿಗೆ, ಕೆಳಗಿರುವ ನಮಗಲ್ಲ.

ಅಸೋಸಿಯೇಶನ್‌ನವರು, ಪಳ್ಳಿ ಕಮಿಟಿಯವರು ಇಷ್ಟು ಮಾಡಬಹುದು: ನಿಮ್ಮ ಎನ್‌ಒಸಿ ತೆಗೆದು ದೀಪದ ಶರತ್ತು ಓದಿ. ಕರೆಂಟ್ ಹೋದಾಗಲೂ ದೀಪ ಉರಿಯುವಂತೆ ಜನರೇಟರ್ ಅಥವಾ ಬ್ಯಾಟರಿಗೆ ಜೋಡಿಸಿ. ದಿನಾ ಮಗ್ರಿಬ್ ಆದ ಮೇಲೆ ಒಮ್ಮೆ ತಲೆ ಎತ್ತಿ ನೋಡುವ ಕೆಲಸವನ್ನು ವಾಚ್‌ಮನ್‌ಗೆ ವಹಿಸಿ.

ದಾರಿಯಲ್ಲಿ ಬಿದ್ದ ಮುಳ್ಳನ್ನು ಬದಿಗೆ ಸರಿಸುವುದೂ ಸದಖ ಎಂದು ನಮಗೆ ಮದ್ರಸದಲ್ಲಿ ಕಲಿಸಿದ್ದಾರೆ. ಆಕಾಶವೂ ಒಂದು ದಾರಿಯೇ. ಇವತ್ತು ರಾತ್ರಿ ಆ ದಾರಿಯಲ್ಲಿ ಬರುತ್ತಿರುವುದು ನಮ್ಮ ಮನೆಯವರೇ ಆಗಿರಬಹುದು.