ನಿಮಗಿದು ಗೊತ್ತೆ? ಚಪ್ಪಾಳೆ ತಟ್ಟಿದರೆ ಅಕ್ಷರ ಮಂಗಮಾಯ!

ಚೆನ್ನಾಗಿ ಓದಬಲ್ಲವರಿಗೂ ತಮ್ಮದೇ ಭಾಷೆಯ ಅಕ್ಷರ ಕೆಲಹೊತ್ತು ಅರ್ಥವಿಲ್ಲದ ಗೀರುಗಳಂತೆ ಕಾಣುವ ಹಾಗೆ ಸಮ್ಮೋಹನ ಮಾಡಬಲ್ಲದು.

ಓದು ಬಿಡಲಾಗದ ಅಭ್ಯಾಸ. ಹಿಡಕಲ್ ಅಣೆಕಟ್ಟೆಯ ದಾರಿಯಲ್ಲಿ ಊರಿನ ಫಲಕ ಕಣ್ಣಿಗೆ ಬಿತ್ತೆನ್ನಿ, ಓದದೇ ಇರಿ ನೋಡೋಣ! ಆಗದು. ‘ಕೆಂಪು’ ಎಂಬ ಪದವನ್ನು ನೀಲಿ ಶಾಯಿಯಲ್ಲಿ ಬರೆದು, ಶಾಯಿಯ ಬಣ್ಣ ಯಾವುದೆಂದು ಕೇಳಿದರೆ ಎಂಥವರೂ ಒಂದು ಗಳಿಗೆ ತಡವರಿಸುತ್ತಾರೆ. ಮನೆಯಲ್ಲೇ ಮಾಡಿ ನೋಡಬಹುದು.

ಮನೋವಿಜ್ಞಾನಿ ಅಮೀರ್ ರಾಜ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಮ್ಮೋಹನಕ್ಕೆ ಸುಲಭವಾಗಿ ಒಳಗಾಗುವ 16 ಜನರಿದ್ದರು. ಒಳಗಾಗದ 16 ಜನರೂ ಇದ್ದರು. ಚಪ್ಪಾಳೆ ಕೇಳಿದೊಡನೆ ಪರದೆಯ ಮೇಲಿನ ಪದಗಳೆಲ್ಲ ಗೊತ್ತಿಲ್ಲದ ಭಾಷೆಯ ಗುರುತುಗಳಾಗುತ್ತವೆ ಎಂದು ಎಲ್ಲರಿಗೂ ಸೂಚನೆ ಕೊಡಲಾಯಿತು. ಶಾಯಿಯ ಬಣ್ಣ ಹೇಳುವ ಪರೀಕ್ಷೆ ನಡೆದದ್ದು ಅವರನ್ನು ಸಮ್ಮೋಹನದಿಂದ ಎಚ್ಚರಿಸಿದ ನಂತರ. ಮೊದಲ ಗುಂಪಿನ ತಡವರಿಕೆ ಮಾಯ! ಎರಡನೆಯ ಗುಂಪು ಎಂದಿನಂತೆ ಎಡವಿತು.

ನಟನೆ ಇರಬಹುದೇ? 2005ರಲ್ಲಿ ಮಿದುಳನ್ನೇ ಸ್ಕ್ಯಾನ್ ಮಾಡಿದರು. ಗೊಂದಲ ಎದುರಾದಾಗ ಚುರುಕಾಗುವ ಭಾಗವೂ ನೋಟಕ್ಕೆ ಸಂಬಂಧಿಸಿದ ಭಾಗವೂ ಸಮ್ಮೋಹನಕ್ಕೆ ಸುಲಭವಾಗಿ ಒಳಗಾಗುವವರಲ್ಲಿ ತಣ್ಣಗಿದ್ದವು. ನಂಬಿಕೆ ಬರೀ ಬಾಯಿಮಾತಾಗಿ ಉಳಿದಿರಲಿಲ್ಲ.

ಅಂದಮಾತ್ರಕ್ಕೆ ಎಲ್ಲ ಚಟವೂ ಚಿಟಿಕೆಗೆ ಬಿಟ್ಟುಹೋಗುತ್ತದೆ ಎನ್ನುವ ಜಾಹೀರಾತನ್ನು ನಂಬಬೇಕಿಲ್ಲ. ಸಿಗರೇಟು ಬಿಡಿಸುವಲ್ಲಿ ಸಮ್ಮೋಹನ ಉಳಿದ ಉಪಾಯಗಳಿಗಿಂತ ಮೇಲು ಎನ್ನಲು 2019ರ ಕಾಕ್ರೇನ್ ಪರಾಮರ್ಶೆಗೆ ಸ್ಪಷ್ಟ ಪುರಾವೆ ಸಿಕ್ಕಿಲ್ಲ.