ಗುಜರಿ ಎಂಜಿನ್: ಬಿಚ್ಚಬೇಕೆ, ಹಾಗೇ ಕೂರಿಸಬೇಕೆ?

ಮೈಸೂರಿನಿಂದ ಬಂದ ಹೆದ್ದಾರಿ ಗುಂಡ್ಲುಪೇಟೆಯಲ್ಲಿ ಕವಲೊಡೆಯುತ್ತದೆ. ಒಂದು ಕವಲು ಬಂಡೀಪುರ ದಾಟಿ ಊಟಿಗೆ, ಇನ್ನೊಂದು ಸುಲ್ತಾನ್ ಬತ್ತೇರಿಗೆ. ತೆರಕಣಾಂಬಿ ಮಾರ್ಗವಾಗಿ ಬರುವ ಚಾಮರಾಜನಗರದ ರಸ್ತೆಯೂ ಇಲ್ಲೇ ಸೇರುತ್ತದೆ. ತರಕಾರಿ, ಅರಿಸಿನ, ಚೆಂಡುಹೂ ಸಾಗಿಸುವ ಸಣ್ಣ ವಾಹನಗಳ ಮಾಲೀಕರಿಗೆ ಈ ರಸ್ತೆಗಳೇ ಅನ್ನ. ಎಂಜಿನ್ ಕೈಕೊಟ್ಟರೆ ಅಂದಿನ ಬಾಡಿಗೆಗೂ ಸಂಚಕಾರ.

ಮಾರುತಿ ಓಮ್ನಿಯನ್ನೇ ತೆಗೆದುಕೊಳ್ಳಿ. 796 ಸಿಸಿಯ, ಮೂರು ಸಿಲಿಂಡರಿನ ಈ ವ್ಯಾನಿನ ತಯಾರಿಕೆ 2019ರಲ್ಲಿ ನಿಂತಿತು. ಎಂಜಿನ್ ಪೂರ್ತಿ ಕೆಟ್ಟರೆ ಗುಜರಿಯಿಂದ ಇನ್ನೊಂದನ್ನು ತರುವುದುಂಟು. ಮಾರುವವನು 'ಚೆನ್ನಾಗಿ ಓಡ್ತಿದ್ದ ಗಾಡೀದು' ಎನ್ನುತ್ತಾನೆ. ಮೆಕ್ಯಾನಿಕ್ 'ಒಂದ್ಸಲ ಬಿಚ್ಚಿ ನೋಡೋಣ' ಎನ್ನುತ್ತಾನೆ. ಯಾರ ಮಾತು ಕೇಳಬೇಕು?

ಉತ್ತರ ಹೇಳಬೇಕಾದದ್ದು ಕಂಪ್ರೆಷನ್ ಗೇಜು. ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದು, ಸ್ಟಾರ್ಟರಿನಿಂದ ಎಂಜಿನ್ ತಿರುಗಿಸಿ ಪ್ರತಿ ಸಿಲಿಂಡರಿನ ಒತ್ತಡ ಅಳೆಯಬೇಕು. ಮೂರೂ ಒಳ್ಳೆಯ ಮಟ್ಟದಲ್ಲಿ, ಹೆಚ್ಚುಕಡಿಮೆ ಸಮನಾಗಿದ್ದರೆ ಬಿಚ್ಚುವ ಗೊಡವೆ ಬೇಡ. ಒಂದರಲ್ಲಿ ಒತ್ತಡ ತೀರ ಕಡಿಮೆಯಿದ್ದರೆ ಅದರೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಒತ್ತಡ ಏರಿದರೆ ಪಿಸ್ಟನ್ ರಿಂಗು ಅಥವಾ ಬೋರು ಸವೆದಿದೆ. ಏರದಿದ್ದರೆ ವಾಲ್ವು ಇಲ್ಲವೇ ಹೆಡ್ ಗ್ಯಾಸ್ಕೆಟ್ ಸೋರುತ್ತಿದೆ. ಹಳೆಯ ಆಯಿಲ್ ಇಳಿಸಿಯೂ ನೋಡಬೇಕು. ಅದು ಹಾಲು ಬೆರೆತಂತಿದ್ದರೆ ನೀರು ಸೇರಿದೆ. ಮಿನುಗುವ ಲೋಹದ ಚೂರುಗಳಿದ್ದರೆ ಬೇರಿಂಗ್ ಹೋಗಿರಬಹುದು.

ಪರೀಕ್ಷೆಯಲ್ಲಿ ಗೆದ್ದ ಎಂಜಿನ್ನಿಗೂ ಕೆಲವು ಕೆಲಸ ತಪ್ಪಿದ್ದಲ್ಲ. ಆಯಿಲ್ ಸೀಲು, ಟೈಮಿಂಗ್ ಬೆಲ್ಟು, ವಾಟರ್ ಪಂಪು, ಕ್ಲಚ್ ಪ್ಲೇಟುಗಳನ್ನು ಕೂರಿಸುವ ಮೊದಲೇ ನೋಡಿ ಬದಲಿಸುವುದು ಲೇಸು. ಆಮೇಲೆ ಸೀಲು ಸೋರಿದರೆ ಬಿಡಿಭಾಗದ ಬೆಲೆಗಿಂತ ಎಂಜಿನ್ ಇಳಿಸುವ ಕೂಲಿಯೇ ಹೆಚ್ಚು.

ಸೋತ ಎಂಜಿನ್ನಿನ ಲೆಕ್ಕ ಬೇರೆ. ಅಂಡಾಕಾರಕ್ಕೆ ಸವೆದ ಬೋರಿಗೆ ಹೊಸ ರಿಂಗು ಮಾತ್ರ ಹಾಕುವುದು ಹುಸಿ ಉಳಿತಾಯ. ಲೇತಿನಲ್ಲಿ ಬೋರು ಕೊರೆಸಿ, ಅಳತೆಗೆ ತಕ್ಕ ದೊಡ್ಡ ಪಿಸ್ಟನ್ ಹಾಕಿಸಬೇಕು. ಕ್ರ್ಯಾಂಕ್ ಸವೆದಿದ್ದರೆ ಅದನ್ನೂ ಗ್ರೈಂಡಿಂಗ್ ಮಾಡಿಸಬೇಕು. ಬಿಚ್ಚುವ ಮೊದಲೇ ಇಷ್ಟರ ಖರ್ಚು ಕೂಡಿ ನೋಡಿ. ಅದು ವ್ಯಾನಿನ ಬೆಲೆಯ ಹತ್ತಿರ ಬಂದರೆ ಮೂಗಿಗಿಂತ ಮೂಗುತಿ ಭಾರ. ಬೇರೆ ಎಂಜಿನ್ ಹುಡುಕುವುದೇ ಸರಿ.

ವ್ಯಾನು ಓಡುವ ದಾರಿಯೂ ಲೆಕ್ಕಕ್ಕೆ ಬರಬೇಕು. ಚಾಮರಾಜನಗರದ ಪೇಟೆಯೊಳಗೆ ತಿರುಗುವ ಗಾಡಿಗೆ ನಡೆಯುವ ಎಂಜಿನ್, 2,200 ಮೀಟರಿಗೂ ಎತ್ತರದ ಊಟಿಯ ಏರಿಗೆ ಸಾಲದಿರಬಹುದು. 2009ರಿಂದ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಸಂಜೆ ಕಾಡಿನ ನಡುವೆ ಎಂಜಿನ್ ನಿಂತರೆ ಸಹಾಯ ಸಿಗುವುದು ಕಷ್ಟ, ಆನೆಗಳ ಭಯ ಬೇರೆ.

ಕೊನೆಗೆ ಕಾಗದಪತ್ರ. ಎಂಜಿನ್ ಬದಲಾದರೆ ಅದರ ಸಂಖ್ಯೆಯೂ ಬದಲಾಗುತ್ತದೆ. ಆರ್‌ಟಿಒ ಕಚೇರಿಯಲ್ಲಿ ಅದನ್ನು ನೋಂದಣಿ ಪತ್ರಕ್ಕೆ ಸೇರಿಸಲೇಬೇಕು. ಆದ್ದರಿಂದ ಮಾರುವವನಿಂದ ರಸೀದಿ ಪಡೆಯದೆ ಗುಜರಿ ಎಂಜಿನ್ನಿಗೆ ಹಣ ಎಣಿಸಬೇಡಿ.