ಬಂದರಿಗಿಂತ ಹಳಬರು

ಸಿಡ್ನಿಯ ಆಪೆರಾ ಹೌಸಿನ ಚಾವಣಿಗೆ ಹೊದಿಸಿರುವ ಬಿಲ್ಲೆಗಳು 10,56,006. ಮಕ್ಕಳು ಥಟ್ಟನೆ ಬಾಯಿಪಾಠ ಮಾಡಿಬಿಡುವ ಸಂಖ್ಯೆ. ನನಗೆ ಆ ಮಕ್ಕಳ ತರಗತಿ ಸಿಕ್ಕರೆ ಬಿಲ್ಲೆಗಳ ತಂಟೆಗೇ ಹೋಗದೆ ಒಂದು ಉಂಡೆ ದಾರ ತರಿಸುತ್ತೇನೆ. ವರ್ಷಕ್ಕೆ ಒಂದು ಮಿಲಿಮೀಟರ್, ಅಷ್ಟೇ ಲೆಕ್ಕ.

1973ರಲ್ಲಿ ಬಾಗಿಲು ತೆರೆದ ಆಪೆರಾ ಹೌಸಿಗೆ ಐದು ಸೆಂಟಿಮೀಟರ್ ಚಿಲ್ಲರೆ ದಾರ ಸಾಕು. 1788ರಲ್ಲಿ ಬ್ರಿಟಿಷರ 11 ಹಡಗುಗಳು ಬಂದವಲ್ಲ, ಅಲ್ಲಿಂದ ಇಲ್ಲಿಯವರೆಗಿನ ಚರಿತ್ರೆಯೆಲ್ಲ ಮಕ್ಕಳ ಸ್ಕೇಲಿನೊಳಗೇ ಮುಗಿದುಹೋಗುತ್ತದೆ. ಈಗ ಉಂಡೆ ಬಿಚ್ಚುತ್ತಾ ನಡೆಯಿರಿ. ಸಿಡ್ನಿ ಸೀಮೆಯಲ್ಲಿ ಮನುಷ್ಯರು ಬಾಳಿದ ಕುರುಹುಗಳಿಗೆ ಸುಮಾರು 30,000 ವರ್ಷ. ಮೂವತ್ತು ಮೀಟರ್! ದಾರ ಬಾಗಿಲು ದಾಟಿ, ಪಡಸಾಲೆ ದಾಟಿ, ಮೈದಾನಕ್ಕೆ ಇಳಿದಿರುತ್ತದೆ.

ಇಪ್ಪತ್ತನೆಯ ಮೀಟರಿನ ಹತ್ತಿರ ನಿಂತ ಹುಡುಗಿಯನ್ನು ಸಿಡ್ನಿಯ ಬಂದರು ಎಲ್ಲಿದೆ ಎಂದು ಕೇಳಬೇಕು. ಇಲ್ಲವೇ ಇಲ್ಲ. ಆಗ ಹಿಮಯುಗ, ಕಡಲು ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು, ಕರಾವಳಿ ಎಷ್ಟೋ ಕಿಲೋಮೀಟರ್ ಪೂರ್ವಕ್ಕಿತ್ತು. ಇಂದು ದೋಣಿಗಳು ಓಡಾಡುವ ಜಾಗ ಬರೀ ಹೊಳೆಯ ಕಣಿವೆ. ಹಿಮ ಕರಗಿ ನೀರು ಏರುತ್ತಾ ಬಂದು, ಹೆಚ್ಚುಕಡಿಮೆ ಈಗಿನ ಮಟ್ಟ ಮುಟ್ಟಿದ್ದು ಏಳನೆಯ ಮೀಟರಿನ ಆಸುಪಾಸಿನಲ್ಲಿ. ಅಂದರೆ ಜಗತ್ತೇ ಬಂದು ಫೋಟೊ ತೆಗೆಸಿಕೊಳ್ಳುವ ಆ ಬಂದರಿಗಿಂತ ಅಲ್ಲಿಯ ಜನವೇ ಹಳಬರು. ತಲೆಮಾರಿಗೆ 25 ವರ್ಷ ಹಿಡಿದರೂ 1,200 ತಲೆಮಾರು. ನಾವೋ, ಏಳು ತಲೆಮಾರಿನ ಆಸ್ತಿ ಎಂದರೇ ಹುಬ್ಬೇರಿಸುವವರು.

ಆಪೆರಾ ಹೌಸ್ ನಿಂತಿರುವ ನೆಲ ಗಡಿಗಲ್ ಜನರದು, ಅವರು ಕರೆದ ಹೆಸರು ಟುಬೋಗುಲೆ. ಅವರು ಉಂಡು ಬಿಟ್ಟ ಸಿಂಪಿಚಿಪ್ಪುಗಳು ಅಲ್ಲಿ ಗುಡ್ಡೆಬಿದ್ದಿದ್ದವು. ಹೊಸದಾಗಿ ಬಂದವರಿಗೆ ಗೋಡೆ ಕಟ್ಟಲು ಸುಣ್ಣ ಬೇಕಿತ್ತು, ಹತ್ತಿರದಲ್ಲಿ ಸುಣ್ಣಕಲ್ಲು ಇರಲಿಲ್ಲ. ಚಿಪ್ಪುಗಳನ್ನೇ ಸುಟ್ಟರು. ಎಷ್ಟೋ ತಲೆಮಾರುಗಳ ಊಟದ ಗುರುತು ವಸಾಹತಿನ ಗಾರೆಯಾಯಿತು.

ಹಡಗು ಬಂದ ಮರುವರ್ಷವೇ, ದಾರದಲ್ಲಿ ಒಂದೇ ಮಿಲಿಮೀಟರ್ ಈಚೆಗೆ, ಸಿಡುಬು ಬಂತು. ಸುತ್ತಲಿನ ಮೂಲನಿವಾಸಿಗಳಲ್ಲಿ ಅರ್ಧದಷ್ಟು ಜನ ಸತ್ತರೆಂದು ವಸಾಹತಿನ ಗವರ್ನರ್ ಫಿಲಿಪ್ಪನೇ ಅಂದಾಜು ಮಾಡಿದ. ಅದೇ 1789ರಲ್ಲಿ ಅವನ ಆಜ್ಞೆಯಂತೆ ಬೆನ್ನೆಲಾಂಗ್ ಎಂಬ ಮೂಲನಿವಾಸಿಯನ್ನು ಹಿಡಿದು ತಂದರು. 1790ರಲ್ಲಿ ಅವನಿಗಾಗಿ ಟುಬೋಗುಲೆಯಲ್ಲೇ ಇಟ್ಟಿಗೆಯ ಗುಡಿಸಲೊಂದು ಎದ್ದಿತು. ಭೂಪಟದಲ್ಲಿ ಈ ಜಾಗ ಇಂದಿಗೂ ಬೆನ್ನೆಲಾಂಗ್ ಪಾಯಿಂಟ್. ಈ ಒಂದು ಮಿಲಿಮೀಟರನ್ನು ಮೇಷ್ಟ್ರು ಅವಸರದಲ್ಲಿ ದಾಟಬಾರದು.

ಮೂಲನಿವಾಸಿಗಳ ಚರಿತ್ರೆ, ಸಂಸ್ಕೃತಿಗಳನ್ನು ಎಲ್ಲ ವಿಷಯಗಳ ಪಾಠದಲ್ಲೂ ತರಬೇಕೆಂದು ಆಸ್ಟ್ರೇಲಿಯಾದ ಪಠ್ಯಕ್ರಮವೇ ಹೇಳುತ್ತದೆ, ಹಾಗಾಗಿ ಗಣಿತದ ಪೀರಿಯಡ್ಡಿನಲ್ಲೇ ಈ ದಾರ ಬಿಚ್ಚಬಹುದು. ಅದನ್ನು ಹಿಡಿದು ನಿಂತ ಮಕ್ಕಳಲ್ಲಿ ಗಡಿಗಲ್ ವಂಶದವರೂ ಇದ್ದಾರು.